ಫ್ರೈಬುರ್ಗಿನ ಗೋಡೆ ಮೇಲಿನ ಬ್ರೆಡ್ಡು

ಕಾನ್ಫರೆನ್ಸಿಗೆ ಹೊರಡುವ ಮೂರು ವಾರ ಮುಂಚೆ ನಮ್ಮ ಆಫೀಸಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ನಾನೇ ಡಿಸೈನ್ ಮಾಡಿದ ವೆಬ್‌ಸೈಟು. ಮೇಲ್ಗಡೆ ಬಲಕ್ಕೆ ಭಾಷೆ ಬದಲಿಸುವ ಬಟನ್. ಅದರಲ್ಲಿ ‘ಕನ್ನಡ’ ಅಂತ ಇರಬೇಕಿತ್ತು, ‘ಕನಡ’ ಅಂತ ಇತ್ತು. ಒತ್ತು ಬಟನ್ನಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಕಳಿಸಿದವರು ಬೇರೇನೂ ಬರೆದಿರಲಿಲ್ಲ. ಕೆಂಪು ಬಣ್ಣದಲ್ಲಿ ಒಂದು ಸುತ್ತು ಹಾಕಿದ್ದರು ಅಷ್ಟೇ, ಮೇಷ್ಟ್ರು ಕಾಪಿ ತಿದ್ದಿದ ಹಾಗೆ.

ತಪ್ಪು ನನ್ನದೇ. ಇಂಗ್ಲಿಷಿಗೆ ಅಂತ ಡಿಸೈನ್ ಮಾಡಿ, ಆಮೇಲೆ ಅದರೊಳಗೆ ಕನ್ನಡ ತುರುಕಿದ್ದೆ. ಸಾಲಿನ ಎತ್ತರ ಸ್ವಲ್ಪ ಏರಿಸಿ ಸರಿ ಮಾಡಿದೆ. ಎಷ್ಟು ಏರಿಸಿದೆ, ಯಾಕೆ ಅಷ್ಟೇ ಅಂತ ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಕಣ್ಣಳತೆ.

ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರೈಬುರ್ಗಿಗೆ ಹೋಗಿದ್ದು ಸ್ಮ್ಯಾಷಿಂಗ್ ಕಾನ್ಫರೆನ್ಸಿಗೆ. ವೆಬ್ ಕೆಲಸ ಮಾಡುವವರಿಗೆ ಸ್ಮ್ಯಾಷಿಂಗ್ ಮ್ಯಾಗಜಿನ್ ಗೊತ್ತಿರುತ್ತದೆ. ವೆಬ್ ಡಿಸೈನಿನ ಬಗ್ಗೆ ಬರೆಯುವ ಆನ್‌ಲೈನ್ ಪತ್ರಿಕೆ, 2006ರಲ್ಲಿ ಶುರುವಾದದ್ದು, ಊರು ಇದೇ ಫ್ರೈಬುರ್ಗ್. 2012ರಿಂದ ಅವರೇ ಈ ಕಾನ್ಫರೆನ್ಸ್ ನಡೆಸುತ್ತಿದ್ದಾರೆ. ಟಿಕೆಟ್ಟು ಆಫೀಸಿನದು, ವಿಮಾನದ ಖರ್ಚು ನನ್ನದು. ವೀಸಾದ ಕಥೆ ಹೇಳಲ್ಲ, ಎಲ್ಲರದೂ ಒಂದೇ ಕಥೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್. ಅಲ್ಲಿ ವಿಮಾನ ನಿಲ್ದಾಣದಲ್ಲೇ ರೈಲು ಸಿಗುತ್ತದೆ. ದಕ್ಷಿಣಕ್ಕೆ ಎರಡು ಗಂಟೆ ಚಿಲ್ಲರೆ ದಾರಿ. ಕಾರ್ಲ್ಸ್‌ರುಹೆ ದಾಟಿದ ಮೇಲೆ ಎಡಗಡೆ ಕಪ್ಪಗೆ ಗುಡ್ಡದ ಸಾಲು ಶುರುವಾಯಿತು. ಅದೇ ಬ್ಲ್ಯಾಕ್ ಫಾರೆಸ್ಟ್. ಇಷ್ಟು ವರ್ಷ ನನಗದು ಬೇಕರಿ ಕೇಕಿನ ಹೆಸರು ಮಾತ್ರ. ಶಿಕಾರಿಪುರದಲ್ಲಿ ತಮ್ಮನ ಹುಟ್ಟುಹಬ್ಬಕ್ಕೆ ತರುತ್ತಿದ್ದ, ಮೇಲೊಂದು ಒಣ ಚೆರ್ರಿ ಅಂಟಿಸಿದ ಕೇಕು. ಕಾಡು ನೋಡಿದರೆ ನಮ್ಮ ಆಗುಂಬೆ ಕಡೆಯ ಥರ ದಟ್ಟವಾಗಿತ್ತು, ಆದರೆ ಮರಗಳೆಲ್ಲ ಡ್ರಿಲ್ಲಿಗೆ ನಿಂತ ಹುಡುಗರ ಹಾಗೆ ನೆಟ್ಟಗೆ.

ಮೊದಲ ದಿನವೇ ಕಾಲು ನೀರಿಗೆ ಹಾಕಿದೆ. ಹಳೇ ಊರಿನ ರಸ್ತೆಗಳ ಪಕ್ಕ ಸಣ್ಣ ಕಾಲುವೆಗಳು ಹರಿಯುತ್ತವೆ. ಬೆಖ್ಲೆ ಅಂತಾರೆ. ಅಗಲ ಒಂದೂವರೆ ಅಡಿ ಇರಬಹುದು, ಆಳ ಪಾದ ಮುಳುಗುವಷ್ಟು. ಮೇಲೆ ಮುಚ್ಚಳ ಇಲ್ಲ, ಕಟ್ಟೆ ಇಲ್ಲ. ಡ್ರೈಸಾಮ್ ನದಿಯ ನೀರು, ಕನ್ನಡಿ ಥರ ತಿಳಿ. ಹದಿಮೂರನೇ ಶತಮಾನದಿಂದಲೂ ಇವೆಯಂತೆ. ಆಗ ಬೆಂಕಿ ಬಿದ್ದರೆ ಆರಿಸೋದಕ್ಕೆ, ದನಕ್ಕೆ ಕುಡಿಸೋದಕ್ಕೆ. ಈಗ ಮಕ್ಕಳು ದಾರ ಕಟ್ಟಿದ ಮರದ ದೋಣಿ ಬಿಟ್ಟುಕೊಂಡು ಪಕ್ಕದಲ್ಲೇ ಓಡುತ್ತಾರೆ. ನಾನು ಅಂಗಡಿ ಬೋರ್ಡಿನ ಅಕ್ಷರ ನೋಡುತ್ತಾ ನಡೆಯುತ್ತಿದ್ದೆ. ಬಲಗಾಲು ಪಚಕ್ಕನೆ ಒಳಗೆ.

ಹೋಟೆಲಿನಾಕೆ ಒದ್ದೆ ಶೂ ನೋಡಿ ನಕ್ಕಳು. ಅರಿವಿಲ್ಲದೆ ಬೆಖ್ಲೆಗೆ ಕಾಲಿಟ್ಟವರು ಫ್ರೈಬುರ್ಗಿನವರನ್ನೇ ಮದುವೆ ಆಗ್ತಾರೆ ಅನ್ನೋದು ಊರಿನ ನಂಬಿಕೆ. ರಾತ್ರಿ ಫೋನಿನಲ್ಲಿ ನನ್ನ ಗಂಡನಿಗೆ ಹೇಳಿದೆ. “ಆಗು, ಆದ್ರೆ ಅವನಿಗೆ ಚಪಾತಿ ಲಟ್ಟಿಸೋಕೆ ಬರುತ್ತಾ ಅಂತ ಮೊದ್ಲು ಕೇಳು” ಅಂದ.

ಕಾಲು ಒದ್ದೆಯಾದ ಮೇಲೆ ನೆಲ ನೋಡಿಕೊಂಡು ನಡೆಯೋದು ಕಲಿತೆ. ಅದೂ ಲಾಭವೇ ಆಯಿತು. ಈ ಊರಿನ ನಿಜವಾದ ಡಿಸೈನ್ ಇರೋದು ನೆಲದಲ್ಲಿ. ರೈನ್ ನದಿಯ ಉರುಟು ಕಲ್ಲುಗಳನ್ನು ಎರಡಾಗಿ ಸೀಳಿ, ಸೀಳಿದ ಮುಖ ಮೇಲೆ ಬರುವ ಹಾಗೆ ಕೂರಿಸಿ ಫುಟ್‌ಪಾತ್ ಮಾಡಿದ್ದಾರೆ. ಎಷ್ಟೋ ಅಂಗಡಿಗಳ ಮುಂದೆ ಬೇರೆ ಬೇರೆ ಬಣ್ಣದ ಕಲ್ಲಿನಲ್ಲಿ ಒಂದೊಂದು ಚಿತ್ರ. ಒಂದು ಬೇಕರಿ ಮುಂದೆ ಪ್ರೆಟ್ಸೆಲ್, ಗಂಟು ಹಾಕಿದ ಹಗ್ಗದ ಹಾಗಿರುವ ಬ್ರೆಡ್ಡು. ಐಕಾನು ಅಂತ ನಾವು ದಿನವಿಡೀ ತಲೆ ಕೆಡಿಸಿಕೊಳ್ಳೋದು ಇದಕ್ಕೇ ಅಲ್ವಾ? ಒಂದು ಪ್ರೆಟ್ಸೆಲ್ಲಿನ ಮೇಲೆ ಬಗ್ಗಿ ಕಲ್ಲು ಎಣಿಸಿದೆ. ಐವತ್ತಕ್ಕೆ ಲೆಕ್ಕ ತಪ್ಪಿತು. ಅಷ್ಟರಲ್ಲಿ ಒಬ್ಬ ಅಜ್ಜ ಏನೋ ಬೀಳಿಸಿಕೊಂಡಿದ್ದಾಳೆ ಅಂದುಕೊಂಡು ಪಕ್ಕದಲ್ಲಿ ತಾನೂ ಬಗ್ಗಿ ಹುಡುಕಲು ಶುರು ಮಾಡಿದ.

ಕಾನ್ಫರೆನ್ಸ್ ನಡೆದದ್ದು ಹಿಸ್ಟೋರಿಷೆಸ್ ಕೌಫ್‌ಹೌಸ್ ಎಂಬ ಕಟ್ಟಡದಲ್ಲಿ. ಮ್ಯೂನ್ಸ್ಟರ್ ಎಂಬ ದೊಡ್ಡ ಚರ್ಚಿನ ಎದುರಿಗೇ ಇದೆ. ಗಾಢ ಕೆಂಪು ಗೋಡೆ, ಎರಡು ಮೂಲೆಯಲ್ಲೂ ಬಣ್ಣದ ಹೆಂಚಿನ ಗೋಪುರ, ಮುಂಭಾಗದಲ್ಲಿ ಸಾಲಾಗಿ ನಿಂತ ರಾಜರ ಮೂರ್ತಿಗಳು. ಹದಿನಾರನೇ ಶತಮಾನದಲ್ಲಿ ಹೊರಗಿನ ವ್ಯಾಪಾರಿಗಳ ಸರಕು ತೂಗಿ ಸುಂಕ ವಸೂಲಿ ಮಾಡುತ್ತಿದ್ದ ಜಾಗ. ಅಲ್ಲಿ ಈಗ ಲ್ಯಾಪ್‌ಟಾಪು, ಸ್ಟಿಕ್ಕರು, ಕಾಫಿ ಕ್ಯೂ.

ಮೊದಲ ದಿನದ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಭಾಷಣಗಳು ಚೆನ್ನಾಗಿದ್ದವು, ನಾನು ಗಿಳಿ ಹಾಗೆ ನೋಟ್ಸ್ ಬರೆದುಕೊಂಡೆ. ಕಂಟೇನರ್ ಕ್ವೆರಿ ಬಗ್ಗೆ ಒಂದು ಒಳ್ಳೆ ಮಾತು ಕೇಳಿದೆ. ಮೊದಲೆಲ್ಲ ಪುಟದ ಒಂದು ತುಂಡು ಹೇಗೆ ಕಾಣಬೇಕು ಅನ್ನೋದನ್ನು ಇಡೀ ಸ್ಕ್ರೀನಿನ ಅಗಲ ನೋಡಿ ತೀರ್ಮಾನಿಸಬೇಕಿತ್ತು. 2023ರಿಂದ ಎಲ್ಲ ದೊಡ್ಡ ಬ್ರೌಸರುಗಳಲ್ಲೂ ಆ ತುಂಡು ತಾನು ಕೂತ ಡಬ್ಬಿಯ ಅಗಲ ನೋಡಿ ತನ್ನಷ್ಟಕ್ಕೆ ಹೊಂದಿಕೊಳ್ಳಬಹುದು. ಊರೆಷ್ಟು ದೊಡ್ಡದು ಅಂತಲ್ಲ, ನಮ್ಮ ಬಾಡಿಗೆ ಮನೆ ಎಷ್ಟು ದೊಡ್ಡದು ಅಂತ ನೋಡಿ ಮಂಚ ತಂದ ಹಾಗೆ.

ಎರಡನೇ ದಿನ ಬೆಳಿಗ್ಗೆ ನನ್ನ ಗಾಯಕ್ಕೆ ಉಪ್ಪು ಬಿತ್ತು. ಒಬ್ಬರು ಟೆಕ್ಸ್ಟ್ ಬಾಕ್ಸ್ ಟ್ರಿಮ್ ತೋರಿಸಿದರು. ಅಕ್ಷರದ ಮೇಲೆ, ಕೆಳಗೆ ಫಾಂಟು ತಾನಾಗಿ ಬಿಡುವ ಖಾಲಿ ಜಾಗವನ್ನು ಒಂದೇ ಸಾಲಿನ ಸಿಎಸ್‌ಎಸ್‌ನಲ್ಲಿ, ಅಂದರೆ ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡಿನಲ್ಲಿ, ಲೆಕ್ಕದಿಂದ ತೆಗೆದುಹಾಕಬಹುದು. ಬಟನ್ನಿನ ನಡುವೆ ಪದ ಕರಾರುವಾಕ್ಕಾಗಿ ಕೂರುತ್ತದೆ. ವರ್ಷಗಟ್ಟಲೆ ಒಂದೊಂದು ಪಿಕ್ಸೆಲ್ಲಿಗೆ ಒದ್ದಾಡಿದವರೆಲ್ಲ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಅರ್ಧ. ಇಂಗ್ಲಿಷಿಗೆ ಅದು ಖಾಲಿ ಜಾಗ. ನಮ್ಮ ಒತ್ತಕ್ಷರದ ಮನೆ ಇರೋದು ಅಲ್ಲೇ.

ಕಾಫಿ ಬಿಡುವಿನಲ್ಲಿ ಪಕ್ಕ ಕೂತಿದ್ದ ಪೋಲೆಂಡಿನ ಹುಡುಗಿಗೆ ಆ ‘ಕನಡ’ ಸ್ಕ್ರೀನ್‌ಶಾಟ್ ತೋರಿಸಿದೆ. ವಿವರಿಸೋದೇ ಬೇಕಾಗಲಿಲ್ಲ. ಅವರ ಭಾಷೆಯಲ್ಲೂ ಎ, ಇ ಅಕ್ಷರಗಳ ಕೆಳಗೆ ಒಂದು ಕೊಕ್ಕೆ ಬಾಲ ಬರುತ್ತದಂತೆ, ಅದೂ ಕತ್ತರಿಗೆ ಸಿಗುತ್ತದಂತೆ. ನಾನು ಟಿಶ್ಯೂ ಪೇಪರಿನ ಮೇಲೆ ‘ರಾಷ್ಟ್ರ’ ಬರೆದು ತೋರಿಸಿದೆ. ಷ, ಅದರ ಕೆಳಗೆ ಟ, ಅದಕ್ಕೆ ಮತ್ತೆ ರ. ಅವಳು ಕಣ್ಣು ಬಿಟ್ಟಳು. ಆಮೇಲೆ ಕೇಳಿದಳು: ಹೆಚ್ಚೆಂದರೆ ಎಷ್ಟು ಕೆಳಗೆ ಇಳಿಯುತ್ತದೆ?

ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅಳೆದು ನೋಡಿರಲಿಲ್ಲ.

ಊಟದ ಹೊತ್ತಿಗೆ ಹೊರಗೆ ಬಂದೆ. ಚರ್ಚಿನ ಸುತ್ತ ಸಂತೆ. ಹೂವು, ಅಣಬೆ, ಒಣಗಿಸಿದ ಬೆಳ್ಳುಳ್ಳಿಯ ಜಡೆ. ಎಲ್ಲರ ಕೈಯಲ್ಲೂ ಇಲ್ಲಿನ ಹೆಸರಾಂತ ಉದ್ದನೆ ಸಾಸೇಜು, ಬ್ರೆಡ್ಡಿನ ಎರಡೂ ಕಡೆ ಹೊರಗೆ ಇಣುಕುತ್ತಿತ್ತು. ನಾನು ಮಾಂಸ ತಿನ್ನೋದಿಲ್ಲ. ಚೀಸ್‌ಕೇಕ್ ತುಂಡು ಹಿಡಿದುಕೊಂಡು ಚರ್ಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಮೇಲೆ ನೀರು ಸುರಿಯುವ ಕಲ್ಲಿನ ಪ್ರಾಣಿಗಳ ನಡುವೆ ಒಬ್ಬ ಮನುಷ್ಯ ಬರೀ ಹಿಂಭಾಗ ತೋರಿಸಿಕೊಂಡು ನಿಂತಿದ್ದಾನೆ. ಕೂಲಿ ಕೊಡಲು ಸತಾಯಿಸಿದ ಪುರಸಭೆಯವರ ಮೇಲಿನ ಸಿಟ್ಟಿಗೆ ಶಿಲ್ಪಿ ಕೆತ್ತಿದ್ದು ಅಂತ ಊರಿನವರು ಹೇಳುತ್ತಾರೆ. ಬಿಲ್ಲು ಬಾಕಿ ಇರುವ ಎಲ್ಲ ಡಿಸೈನರುಗಳ ಪರವಾಗಿ ಕೈ ಮುಗಿದೆ.

ಗೋಪುರ 116 ಮೀಟರ್ ಎತ್ತರ. ಅದರ ಬುಡದಲ್ಲಿ ಮುಖ್ಯ ಬಾಗಿಲಿನ ಮಂಟಪ. ಬಿಸಿಲಿಗೆ ಅಂತ ಒಳಗೆ ಹೋದೆ. ಕೆಂಪು ಕಲ್ಲಿನ ಗೋಡೆಯ ಮೇಲೆ ಏನೋ ಗೀಚಿದ ಹಾಗಿತ್ತು. ಹತ್ತಿರ ಹೋದರೆ ದುಂಡನೆ ಗೆರೆ, ಉದ್ದನೆ ಗೆರೆ. ಬ್ರೆಡ್ಡು. ಬ್ರೆಡ್ಡಿನ ಅಳತೆ. ಪಕ್ಕದಲ್ಲಿ 1270, 1317 ಎಂಬ ವರ್ಷಗಳು, ರೋಮನ್ ಅಂಕಿಗಳಲ್ಲಿ. ಸಂತೆಯಲ್ಲಿ ಕೊಂಡ ಬ್ರೆಡ್ಡು ಸಣ್ಣದು ಅನ್ನಿಸಿದರೆ ಇಲ್ಲಿ ತಂದು ಹಿಡಿದು ನೋಡಬಹುದಿತ್ತು. ಇಟ್ಟಿಗೆಯ ಅಳತೆಯೂ ಇದೆ, ಧಾನ್ಯದ ಅಳತೆಯೂ ಇದೆ. ಬೇಕರಿಯವನ ಮಾತು ಬೇಡ, ಕೊಳ್ಳುವವನ ಕಣ್ಣಳತೆಯೂ ಬೇಡ. ಗೋಡೆ ಇದೆ.

ನನಗೆ ಬಳ್ಳಿಗಾವಿ ನೆನಪಾಯಿತು. ನಮ್ಮೂರಿನಿಂದ ಅಲ್ಲಿಗೆ ಸ್ಕೂಲ್ ಟ್ರಿಪ್ಪಿನಲ್ಲಿ ಹೋಗುತ್ತಿದ್ದೆವು. ಹನ್ನೊಂದನೇ ಶತಮಾನದ ಗಂಡಭೇರುಂಡ ಕಂಬದ ಕೆಳಗೆ ನಿಂತು ಫೋಟೋ. ಆ ಸೀಮೆಯ ಶಾಸನಗಳಲ್ಲಿ ಹೊಲ ಅಳೆದದ್ದು ‘ಭೇರುಂಡ ಗಳೆ’ ಎಂಬ ಅಳತೆಗೋಲಿನಿಂದ ಅಂತ ಬರುತ್ತದೆ. ಮೇಷ್ಟ್ರು ಹೇಳಿದ್ದರು. ಆಗ ನಮ್ಮ ಗಮನ ಬುತ್ತಿಯ ಮೇಲೆ.

ಗೋಡೆಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದೆ. ಒಂದು ವಿಷಯ ತಡವಾಗಿ ಹೊಳೆಯಿತು. ಅಲ್ಲಿ ಇದ್ದದ್ದು ಒಂದೇ ಅಳತೆ ಅಲ್ಲ. ಎಲ್ಲ ಕಾಲಕ್ಕೂ ಒಂದೇ ಬ್ರೆಡ್ಡು ಅಂತ ಅವರು ಹಠ ಹಿಡಿದಿರಲಿಲ್ಲ. ಧಾನ್ಯದ ಬೆಲೆ ಏರಿದರೆ ಬ್ರೆಡ್ಡು ಸಣ್ಣದಾಗುತ್ತದೆ, ಆದರೆ ಎಷ್ಟು ಸಣ್ಣದು ಅನ್ನೋದನ್ನೂ ಕಲ್ಲಿನಲ್ಲಿ ಬರೆದಿಟ್ಟಿದ್ದರು. ನಾನು ಇಷ್ಟು ದಿನ ಹುಡುಕುತ್ತಿದ್ದದ್ದು ಕನ್ನಡಕ್ಕೆಲ್ಲ ಸಲ್ಲುವ ಒಂದೇ ಸಂಖ್ಯೆಯನ್ನು.

ಮಧ್ಯಾಹ್ನದ ಮೊದಲ ಭಾಷಣ ತಪ್ಪಿಸಿದೆ. ಬೇಜಾರಿಲ್ಲ. ಸಂತೆಯ ಅಂಚಿನ ಕೆಫೆಯಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದೆ. ಆಳಕ್ಕೆ ಇಳಿಯುವ ಪದಗಳ ಪಟ್ಟಿ ಮಾಡಿದೆ: ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಶಕ್ತಿ, ಸಂಸ್ಕೃತಿ. ನೋಟೋ, ಬಾಲೂ ತಮ್ಮ, ಟೀರೋ ಕನ್ನಡ, ಮೂರು ಫಾಂಟಿನಲ್ಲೂ ಒಂದೇ ಗಾತ್ರಕ್ಕೆ ಹಾಕಿ ಪಕ್ಕಪಕ್ಕ ಇಟ್ಟೆ. ಮೂರೂ ಬೇರೆ ಬೇರೆ. ಒತ್ತು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದೊಂದು ಕೆಂಪು ಗೆರೆ ಎಳೆದೆ. ‘ಶಕ್ತಿ’ಗೆ ಸಾಕಾದ ಜಾಗ ‘ರಾಷ್ಟ್ರ’ಕ್ಕೆ ಸಾಲದು. ‘ಸ್ತ್ರೀ’ ಅಂತೂ ಕೆಳಗೂ ಬಿಡಲ್ಲ, ಬಲಕ್ಕೂ ಬಿಡಲ್ಲ. ಎದುರಿನ ಚರ್ಚಿನಲ್ಲಿ ಗಂಟೆ ಹೊಡೆದಾಗ ಕಾಫಿ ತಣ್ಣಗಾಗಿತ್ತು, ಕೆನೆ ಕಟ್ಟಿತ್ತು.

ಸಂಜೆ ಪೋಲೆಂಡಿನ ಹುಡುಗಿಗೆ ತೋರಿಸಿದೆ. ಅವಳು ತನ್ನ ಬಾಲದ ಅಕ್ಷರಗಳಿಗೂ ಇಂಥದ್ದೊಂದು ಪಟ್ಟಿ ಮಾಡುತ್ತೇನೆ ಅಂದಳು. ಇಬ್ಬರೂ ಹೋಗಿ ಬ್ರೆಡ್ಡಿನ ಗೋಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಅವಳು ಸಂತೆಯಲ್ಲಿ ಕೊಂಡ ಬನ್ನನ್ನು 1317ರ ಗೆರೆಗೆ ಹಿಡಿದಳು. ಚಿಕ್ಕದಿತ್ತು.

ಮನೆಗೆ ಬಂದ ಮೂರನೇ ದಿನ ಆ ಪಟ್ಟಿಯನ್ನು ಉದ್ದ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿಸಿದೆ. ಆಫೀಸಿನ ಗೋಡೆಗೆ ಅಂಟಿಸೋದಕ್ಕೆ. ಹೊಸ ಬಟನ್, ಹೊಸ ಮೆನು, ಏನೇ ಮಾಡಿದರೂ ಮೊದಲು ಈ ಐದು ಪದ ತುಂಬಿ ನೋಡಬೇಕು ಅಂತ. ಸುರುಳಿ ಬಿಚ್ಚಿ ಊಟದ ಟೇಬಲ್ಲಿನ ಮೇಲೆ ಹರಡಿದ್ದೆ. ಗಂಡ ಹಿಟ್ಟಿನ ಕೈಯಲ್ಲೇ ಬಂದು ಓದಿದ.

“ಸ್ತ್ರೀ, ಲಕ್ಷ್ಮಿ, ಶಕ್ತಿ... ಇದ್ಯಾವುದೇ ಹೊಸ ಗ್ಯಾರಂಟಿ ಸ್ಕೀಮು? ತಿಂಗಳಿಗೆ ಎಷ್ಟು ಬರುತ್ತೆ?”