ಮೂವತ್ತು ವರ್ಷಗಳ ನಂತರ ಮಗ ಕೇಳಿದ ಪ್ರಶ್ನೆ

ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ ಕಾದಂಬರಿಯನ್ನು ಆಧರಿಸಿ ಕರೆನ್ ಶಖ್‌ನಜಾರೊವ್ ನಿರ್ದೇಶಿಸಿದ, 2017ರಲ್ಲಿ ರಷ್ಯಾದ ಟಿ.ವಿ.ಯಲ್ಲಿ ಪ್ರಸಾರವಾದ 8 ಕಂತುಗಳ ಧಾರಾವಾಹಿಯನ್ನು ಕಳೆದ ವಾರ ನೋಡಿ ಮುಗಿಸಿದೆ. ಕಥೆ ಆರಂಭವಾಗುವುದು ಕಾದಂಬರಿಯಲ್ಲಿರುವಂತೆ ಅನ್ನಾಳ ಅಣ್ಣ ಒಬ್ಲಾನ್‌ಸ್ಕಿಯ ಮನೆಯ ರಂಪದಿಂದಲ್ಲ, 1904ರ ರಷ್ಯಾ–ಜಪಾನ್ ಯುದ್ಧ ನಡೆಯುತ್ತಿರುವ ಮಂಚೂರಿಯಾದಲ್ಲಿ. ಅಲ್ಲಿನ ಸೇನಾ ಆಸ್ಪತ್ರೆಯ ವೈದ್ಯನೇ ಅನ್ನಾಳ ಮಗ ಸೆರ್ಗೆಯಿ. ಗಾಯಗೊಂಡು ಅವನ ಕೈಗೆ ಬಂದವನು, ಒಂದು ಕಾಲಕ್ಕೆ ಅವನ ತಾಯಿಯ ಪ್ರಿಯಕರನಾಗಿದ್ದ ವ್ರಾನ್‌ಸ್ಕಿ. ತಾಯಿ ಆತ್ಮಹತ್ಯೆ ಏಕೆ ಮಾಡಿಕೊಂಡಳು ಎಂದು ಮಗ ಕೇಳುತ್ತಾನೆ. ಆ ಯುದ್ಧದಲ್ಲಿ ವೈದ್ಯರಾಗಿದ್ದ ಲೇಖಕ ವೆರೆಸಾಯೆವ್ ಅವರ ಬರಹಗಳಿಂದ ಪಡೆದ ಈ ಚೌಕಟ್ಟು ಮೊದಲಿಗೆ ನನಗೆ ಬಹಳ ಹಿಡಿಸಿತು. ತಾಯಿ ಸತ್ತಳೆಂದೇ ನಂಬಿಸಲ್ಪಟ್ಟಿದ್ದ ಆ ಬಾಲಕನನ್ನು ಹುಟ್ಟುಹಬ್ಬದ ದಿನ ನೋಡಲು, ವ್ರಾನ್‌ಸ್ಕಿಗಾಗಿ ಮನೆ ಬಿಟ್ಟಿದ್ದ ಅನ್ನಾ ಕದ್ದು ಬರುತ್ತಾಳಲ್ಲ, ಹಿಂದಿನ ದಿನ ಅಂಗಡಿಯಲ್ಲಿ ಅಷ್ಟೊಂದು ಪ್ರೀತಿಯಿಂದ, ಸಂಕಟದಿಂದ ಆರಿಸಿದ್ದ ಆಟಿಕೆಗಳ ಕಟ್ಟನ್ನು ಬಿಚ್ಚಲೂ ವ್ಯವಧಾನವಿಲ್ಲದೆ ಹಾಗೆಯೇ ವಾಪಸು ಒಯ್ಯುತ್ತಾಳಲ್ಲ, ಅಂಥ ಮಗನಿಗೆ ಈ ಪ್ರಶ್ನೆ ಕೇಳುವ ಹಕ್ಕು ಖಂಡಿತ ಇದೆ.

ಆದರೆ ಉತ್ತರ ಹೇಳುವವನು ವ್ರಾನ್‌ಸ್ಕಿ, ತೊಡಕಿರುವುದು ಅಲ್ಲಿಯೇ. ಕಾದಂಬರಿಯ ಇನ್ನೊಬ್ಬ ನಾಯಕ ಲೆವಿನ್‌ನ ಕಥೆಯನ್ನು ಬಹುಪಾಲು ಕೈಬಿಟ್ಟಿರುವುದನ್ನು ಹೇಗೋ ಒಪ್ಪಿಕೊಳ್ಳಬಹುದು. (ಅನ್ನಾ ಮತ್ತು ವ್ರಾನ್‌ಸ್ಕಿಯಾಗಿ ನಟಿಸಿರುವ ಎಲಿಜವೆತಾ ಬೊಯಾರ್‌ಸ್ಕಯಾ, ಮಕ್ಸಿಮ್ ಮತ್ವೇಯೆವ್ ಆಗ ನಿಜಜೀವನದಲ್ಲೂ ದಂಪತಿಯಾಗಿದ್ದರು, ಆದರೂ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಅನ್ನಾಳ ಗಂಡ ಕರೆನಿನ್ ಪಾತ್ರದ ವಿತಾಲಿ ಕಿಶ್ಚೆಂಕೊ ಕಡೆಗೆ.) ಟಾಲ್‌ಸ್ಟಾಯ್ ಕುದುರೆ ಪಂದ್ಯವನ್ನು ಎರಡು ಸಲ ಹೇಳುತ್ತಾರೆ. ಮೊದಲು ತಡಿಯ ಮೇಲಿರುವ ವ್ರಾನ್‌ಸ್ಕಿಯ ಜೊತೆ ಓಡಿ, ಅವನ ತಪ್ಪಿನಿಂದಲೇ ಅವನ ಕುದುರೆ ಫ್ರೂ-ಫ್ರೂ ಬೆನ್ನು ಮುರಿದುಕೊಳ್ಳುವುದನ್ನು ಕಾಣುತ್ತೇವೆ. ಬಳಿಕ ಅದೇ ಪಂದ್ಯವನ್ನು, ಮೈದಾನವನ್ನು ಬಿಟ್ಟು ಹೆಂಡತಿಯ ಮುಖವನ್ನೇ ನೋಡುತ್ತ ಕುಳಿತ ಕರೆನಿನ್‌ನ ಕಣ್ಣಿಂದ ಕಾಣುತ್ತೇವೆ. ಇಂಥ ಇಮ್ಮಡಿ ನೋಟ ಒಬ್ಬನ ನೆನಪಿನೊಳಗೆ ಹಿಡಿಸುವಂಥದ್ದಲ್ಲ. ತಾನಿಲ್ಲದ ಕೋಣೆಗಳ ಮಾತುಕತೆಯನ್ನೂ ವ್ರಾನ್‌ಸ್ಕಿ ಬಲ್ಲವನಂತೆ ಧಾರಾವಾಹಿ ತೋರಿಸುವಾಗಲೆಲ್ಲ ನನಗೆ ಕಸಿವಿಸಿಯಾಯಿತು.

ಕೊನೆಯ ದಿನ ಅನ್ನಾ ಸಾರೋಟಿನಲ್ಲಿ ಹೋಗುತ್ತ ಅಂಗಡಿಗಳ ಫಲಕಗಳನ್ನು ಓದುತ್ತಾಳೆ. ತ್ಯುಟ್ಕಿನ್ ಎಂಬ ಕೇಶ ವಿನ್ಯಾಸಕನ ಹೆಸರು ಕಂಡು ನಗು ಬರುತ್ತದೆ. ವ್ರಾನ್‌ಸ್ಕಿ ಬಂದಾಗ ಇದನ್ನು ಹೇಳಬೇಕು ಅಂದುಕೊಳ್ಳುತ್ತಾಳೆ. ಮರುಕ್ಷಣವೇ, ನಗೆಯ ಮಾತು ಹೇಳಿಕೊಳ್ಳಲು ತನಗೆ ಈಗ ಯಾರೂ ಇಲ್ಲವೆಂಬುದು ನೆನಪಾಗುತ್ತದೆ. ಆ ಮಾತು ವ್ರಾನ್‌ಸ್ಕಿಯ ಕಿವಿಗೆ ಎಂದೂ ಬೀಳಲಿಲ್ಲ. ಮಂಚೂರಿಯಾದ ಆಸ್ಪತ್ರೆಯಲ್ಲಿ ಮಗನಿಗೆ ಅದನ್ನು ಅವನು ಹೇಗೆ ಹೇಳಿಯಾನು?