ಅಪ್ಪನ ಯೆಜ್ಡಿ ಸ್ಟಾರ್ಟ್ ಆಯ್ತು

ವರ್ಷಗಟ್ಟಲೆ ಶೆಡ್ಡಿನಲ್ಲಿ ಧೂಳು ತಿಂದ ಅಪ್ಪನ ಯೆಜ್ಡಿ ಬೈಕ್ ಇವತ್ತು ಸ್ಟಾರ್ಟ್ ಆಯ್ತು! ಖುಷಿ ತಡೆಯಲಾಗುತ್ತಿಲ್ಲ.

ಎಂಜಿನ್ ಅಷ್ಟೇನೂ ಕಾಡಲಿಲ್ಲ. ಹೊಸ ಪ್ಲಗ್ ಹಾಕಿ, ಕಿಡಿಯ ಹೊತ್ತು ಹೊಂದಿಸುವ ಪಾಯಿಂಟ್ ಉಜ್ಜಿದ ಮೇಲೆ ಕಿಡಿ ಬಂತು. ಕಾಡಿದ್ದು ಪೆಟ್ರೋಲ್ ಸೋರಿಕೆ. ಟ್ಯಾಂಕಿಗೆ ಹಾಕಿದ ಕೂಡಲೇ ಅದರ ಕೆಳಗಿನ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಹತ್ತಿರ ಹನಿ. ಒಳಗಿನ ವಾಷರ್ ಎಷ್ಟು ಒಣಗಿತ್ತೆಂದರೆ ಉಗುರಲ್ಲಿ ಒತ್ತಿದರೆ ಪುಡಿ ಪುಡಿ. ಅದನ್ನು ಬದಲಿಸಿದರೆ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನಿಂದ ಸೋರಿಕೆ ಶುರು. ಬಿಚ್ಚಿ ನೋಡಿದೆ. ಹಳೇ ಪೆಟ್ರೋಲ್ ಕಂದು ಅಂಟಾಗಿ, ಒಳಬರುವ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸುತ್ತ ಕೂತಿತ್ತು. ನೀಡಲ್ ಸರಿಯಾಗಿ ಮುಚ್ಚದಿದ್ದರೆ ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲು ತುಂಬಿ ಚೆಲ್ಲುತ್ತದೆ, ಅಷ್ಟೇ. ಪೈಪನ್ನೂ ಬದಲಿಸಿದೆ. ಈಗಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ಹಳೇ ರಬ್ಬರ್‌ಗೆ ಆಗಿಬರಲ್ಲ. ಕೆಳಗೆ ಎಂಜಿನ್ ಬಿಸಿಯಾಗಿರುವಾಗ ಒಂದು ಹನಿ ಸೋರಿದರೂ ಸುಮ್ನೆ ಬಿಡುವ ಹಾಗಿಲ್ಲ ಅಲ್ವಾ?

ಗೇರ್ ಲಿವರನ್ನೇ ಒಳಕ್ಕೆ ಒತ್ತಿ, ಮೇಲೆತ್ತಿ ಕಿಕ್ ಮಾಡುವ ಆ ಜಾಣತನ ನನಗೆ ಈಗಲೂ ತುಂಬಾ ಇಷ್ಟ. ಬೇರೆ ಗಾಡಿಯವರಿಗೆ ತೋರಿಸಿದರೆ ಬೆರಗಾಗುತ್ತಾರೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರು ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಆ ವಾಷರನ್ನು ಮೊದಲು ಕೂರಿಸಿದ ಕೈ ಅಲ್ಲಿನ ಯಾರದೋ. ಈಗ ಅವರು ಮೈಸೂರಲ್ಲೇ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು. ಸಿಕ್ಕರೆ ಗಾಡಿಯ ಸದ್ದು ಕೇಳಿಸಬೇಕು ಅನ್ನಿಸಿತು.

ಇನ್ನು ಬ್ರೇಕ್ ಶೂ ಬದಲಿಸಬೇಕು. ಅಲ್ಲಿಯವರೆಗೆ ನಮ್ಮ ಬೀದಿ ದಾಟಲ್ಲ.