ನಿವೃತ್ತಿಯ ನಂತರ ಹೊಲಿಗೆ: ಚೀಲದಿಂದ ರವಿಕೆಯವರೆಗೆ

ಮೇ

ಅರವತ್ತು ದಾಟಿದ ಗಂಡಸು ಹೊಲಿಗೆ ಕಲಿಯಲು ಹೊರಟರೆ ಉಡುಪಿಯಲ್ಲಿ ಮೊದಲು ಎದುರಾಗುವುದು ಬೋರ್ಡು. ಎಲ್ಲಿ ನೋಡಿದರೂ ‘ಮಹಿಳೆಯರಿಗೆ ಟೈಲರಿಂಗ್ ತರಬೇತಿ’. ತಮಾಷೆ ಎಂದರೆ, ಚಿಕ್ಕಂದಿನಿಂದ ನಾನು ಕಂಡ ಟೈಲರ್‌ಗಳೆಲ್ಲ ಗಂಡಸರೇ. ಹೆಂಗಸರ ರವಿಕೆ ಹೊಲಿಯುತ್ತಿದ್ದವರೂ ಅವರೇ. ಕಲಿಯುವ ಜಾಗಕ್ಕೆ ಮಾತ್ರ ನಮಗೆ ಪ್ರವೇಶ ಇಲ್ಲ!

ಕೊನೆಗೆ ಕುಂಜಿಬೆಟ್ಟಿನ ಕಡೆ ಮನೆಯ ಮಹಡಿಯಲ್ಲಿ ಕ್ಲಾಸ್ ನಡೆಸುವವರೊಬ್ಬರು ಸಿಕ್ಕಿದರು. ‘ಬನ್ನಿ ಸರ್, ಅದಕ್ಕೆಂತ? ಆದ್ರೆ ಹೋಮ್‌ವರ್ಕ್ ಮಾಡ್ಬೇಕು’ ಎಂದರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ನಾನು ಅವರಿಗೆ ಟೀಚರ್ ಅನ್ನುತ್ತೇನೆ, ಅವರು ನನಗೆ ಸರ್ ಅನ್ನುತ್ತಾರೆ. ಕ್ಲಾಸಿನ ಹುಡುಗಿಯರಿಗೆ ನಾನು ಅಂಕಲ್.

ಬ್ಯಾಂಕಿನ ಕೆಲಸ ಮುಗಿದ ಮೇಲೆ ವಾಕಿಂಗ್, ಪೇಪರ್, ತಿಂಡಿ ಎಲ್ಲ ಸೇರಿ ಬೆಳಗ್ಗೆ 10 ಗಂಟೆವರೆಗೆ ಹೇಗೋ ಹೋಗುತ್ತದೆ. ಆಮೇಲಿನ ಹಗಲು ಭಾರೀ ಉದ್ದ. ಮನೆಯಲ್ಲಿ ಅಮ್ಮನ ಕಾಲದ ಕಪ್ಪು ಮೆಷಿನ್ ಇತ್ತು, ಕಾಲಲ್ಲಿ ತುಳಿಯುವಂಥದ್ದು. ಅದರ ಮೇಲೆ ಹಳೇ ಪಂಚಾಂಗ, ಮಾತ್ರೆ ಡಬ್ಬಿ, ಟಿವಿ ರಿಮೋಟ್. ಅದನ್ನೆಲ್ಲ ಇಳಿಸಿದ್ದೇ ಆರಂಭ.

ಕ್ಲಾಸಿನ ಮೊದಲ ಪಾಠಕ್ಕೆ ಬಟ್ಟೆಯೂ ಇಲ್ಲ, ನೂಲೂ ಇಲ್ಲ. ಗೆರೆ ಎಳೆದ ಕಾಗದವನ್ನು ಖಾಲಿ ಸೂಜಿಯ ಕೆಳಗೆ ಇಟ್ಟು ಗೆರೆಯ ಮೇಲೇ ತುಳಿಯುತ್ತಾ ಹೋಗಬೇಕು. ಮೊದಲು ನೇರ ಗೆರೆ, ಆಮೇಲೆ ಚೌಕ, ಆಮೇಲೆ ಸುರುಳಿ. ತೂತು ಗೆರೆ ಬಿಟ್ಟು ಎಲ್ಲಿ ಹೋಗಿದೆ ಎಂದು ಕಾಗದವನ್ನು ಬೆಳಕಿಗೆ ಹಿಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಮೂಲೆ ಬಂದಾಗ ಸೂಜಿಯನ್ನು ಕಾಗದದೊಳಗೇ ಇಳಿಸಿಟ್ಟು, ಬಟ್ಟೆಯನ್ನು ಒತ್ತಿಹಿಡಿಯುವ ಫೂಟ್ ಎತ್ತಿ, ಕಾಗದ ತಿರುಗಿಸಬೇಕು. ಇಷ್ಟು ಬಂದರೆ ತಲೆದಿಂಬಿನ ಕವರ್ ಬಂದ ಹಾಗೆಯೇ.

ಕಣ್ಣಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ನಮ್ಮ ವಯಸ್ಸಿನವರೆಲ್ಲ ಮೊದಲು ಕೇಳುವುದು ಅದನ್ನೇ. ಬೈಫೋಕಲ್ ಕನ್ನಡಕದಲ್ಲಿ ಹೊಲಿಯುವುದು ಕಷ್ಟ. ಸೂಜಿ ಇರುವುದು ಓದುವ ದೂರದಲ್ಲೂ ಅಲ್ಲ, ನಡೆಯುವ ದೂರದಲ್ಲೂ ಅಲ್ಲ. ಗಲ್ಲ ಎತ್ತಿ ನೋಡೀ ನೋಡೀ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕುಳಿತ ಜಾಗದಿಂದ ಸೂಜಿಗೆ ಎಷ್ಟು ದೂರ ಎಂದು ಅಳೆದು, ಆ ದೂರಕ್ಕೇ ಒಂದು ಬೇರೆ ಕನ್ನಡಕ ಮಾಡಿಸಿದೆ. ಖರ್ಚು ಮಾಡಿದ್ದರಲ್ಲಿ ಇದರಷ್ಟು ಉಪಕಾರಕ್ಕೆ ಬಂದದ್ದು ಬೇರೆ ಇಲ್ಲ. ನೂಲಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಸೂಜಿಯ ಹಿಂದೆ ಬಿಳಿ ಕಾಗದದ ತುಂಡು ಹಿಡಿದರೆ ಕಣ್ಣು ಚೆನ್ನಾಗಿ ಕಾಣಿಸುತ್ತದೆ. ಸೂಜಿಯ ಕಣ್ಣು ಎನ್ನುತ್ತಿದ್ದೇನೆ, ನನ್ನದಲ್ಲ.

ಆಟಿ

ತುಳುವರ ಆಟಿ ತಿಂಗಳು, ಮಳೆ. ಮೆಷಿನ್ ಓಡುವುದಿಲ್ಲ. ಕಾಲು ತುಳಿಯುತ್ತದೆ, ಕೆಳಗಿನ ದೊಡ್ಡ ಚಕ್ರ ತಿರುಗುತ್ತದೆ, ಮೇಲಿನ ಚಕ್ರ ನಿಂತಲ್ಲೇ ನಿಂತಿದೆ. ನಮ್ಮ ಕರಾವಳಿಯ ತಂಡಿಗೆ ಚರ್ಮದ ಬೆಲ್ಟ್ ಹಿಗ್ಗಿ ಸಡಿಲವಾಗುತ್ತದೆ. ಬೆಲ್ಟ್ ಅನ್ನು ಜೋಡಿಸುವ ತಂತಿ ಕೊಕ್ಕೆ ಬಿಚ್ಚಿ, ತುದಿಯಿಂದ ಅರ್ಧ ಬೆರಳಷ್ಟು ಕತ್ತರಿಸಿ, ಬಿಸಿ ಮಾಡಿದ ಮೊಳೆಯಿಂದ ಹೊಸ ತೂತು ಮಾಡಿ, ಮತ್ತೆ ಕೊಕ್ಕೆ ಸಿಕ್ಕಿಸಿ ಇಕ್ಕಳದಿಂದ ಒತ್ತಿದೆ. ಜಾಸ್ತಿ ಕತ್ತರಿಸಬಾರದು. ಬಿಗಿಯಾದರೆ ತುಳಿಯುವ ಕಾಲಿಗೆ ಭಾರ, ಮಂಡಿ ನೋವಿನವರಿಗೆ ಅದೇ ಸಾಕು.

ತುಕ್ಕು ಇನ್ನೊಂದು ಕಾಟ. ಸೂಜಿ ತಟ್ಟೆ ತೆಗೆದು ನೋಡಿದರೆ ಕೆಳಗೆ ವರ್ಷಗಟ್ಟಲೆಯ ನೂಲಿನ ಧೂಳು ಎಣ್ಣೆಯ ಜೊತೆ ಸೇರಿ ಕಂಬಳಿಯಂತೆ ಗಟ್ಟಿ ಕೂತಿತ್ತು. ಹಳೇ ಟೂತ್‌ಬ್ರಶ್, ಸ್ವಲ್ಪ ಸೀಮೆಎಣ್ಣೆ, ಒರೆಸಿದ ಮೇಲೆ ಮೆಷಿನ್ ಎಣ್ಣೆ. ಎಣ್ಣೆ ಬಿಟ್ಟ ಕೂಡಲೇ ಒಳ್ಳೇ ಬಟ್ಟೆ ಇಡಬಾರದು. ಹಳೇ ಬೈರಾಸಿನ (ಟವೆಲಿನ) ಮೇಲೆ ನೂಲಿಲ್ಲದೆ ಸುಮ್ನೆ ಓಡಿಸಿದರೆ ಹೆಚ್ಚಾದ ಎಣ್ಣೆಯನ್ನು ಅದೇ ಕುಡಿಯುತ್ತದೆ.

ಈ ತಿಂಗಳ ಕೆಲಸ ಚೀಲಗಳು. ಪಕ್ಕದ ಮನೆಯ ನಿವೃತ್ತ ಪೊಲೀಸರು ಹಳೇ ಖಾಕಿ ಪ್ಯಾಂಟುಗಳನ್ನು ಕೊಟ್ಟಿದ್ದರು. ಖಾಕಿಗೂ ನಮ್ಮ ಕರಾವಳಿಗೂ ನಂಟು ಉಂಟು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಬಲ್ಮಠದಲ್ಲಿ ನಡೆಸುತ್ತಿದ್ದ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬವರು ಆ ಬಣ್ಣ ಮಾಡಿದರು ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. 1850ರ ದಶಕದ ಮಾತು. ಅಮೆರಿಕದಲ್ಲಿ ಸಿಂಗರ್ ತನ್ನ ಹೊಲಿಗೆ ಮೆಷಿನ್‌ಗೆ ಪೇಟೆಂಟ್ ಪಡೆದದ್ದು 1851ರಲ್ಲಿ. ಹಾಗಾಗಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಪ್ರಾಯ.

ಪ್ಯಾಂಟಿನ ಬಟ್ಟೆಗೆ 16ನೇ ನಂಬ್ರದ ಸೂಜಿ ಹಾಕಿದೆ. ಪ್ಯಾಕೆಟ್ಟಿನ ಮೇಲೆ 100/16, 90/14, 75/11 ಎಂದೆಲ್ಲ ಇರುತ್ತದಲ್ಲ, ಅದರಲ್ಲಿ ದೊಡ್ಡ ಸಂಖ್ಯೆ ಸೂಜಿಯ ದಪ್ಪ. 90 ಎಂದರೆ 0.9 ಮಿಲಿಮೀಟರ್. ಇದು ಗೊತ್ತಾದ ಮೇಲೆ ಯಾವ ಬಟ್ಟೆಗೆ ಯಾವ ಸೂಜಿ ಎಂದು ಬಾಯಿಪಾಠ ಮಾಡುವ ಅಗತ್ಯ ಬರಲಿಲ್ಲ. ಚೀಲದ ಹಿಡಿ ಕೂರಿಸುವಲ್ಲಿ ಬಟ್ಟೆ ನಾಲ್ಕೈದು ಪದರ ಆಗುತ್ತದೆ. ಅಲ್ಲಿ ತುಳಿಯದೆ ಚಕ್ರವನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿದೆ. ಮಟ್ಟುಗುಳ್ಳ ಬದನೆ, ತೆಂಗಿನಕಾಯಿ ಎಲ್ಲ ತುಂಬಿಸಿದರೂ ಹಿಡಿ ಗಟ್ಟಿ ನಿಂತಿದೆ.

ಅಷ್ಟಮಿ

ಮೊಮ್ಮಗನಿಗೆ ಮುದ್ದುಕೃಷ್ಣ ವೇಷ. ಉಡುಪಿಯಲ್ಲಿ ಅಷ್ಟಮಿ ಬಂತೆಂದರೆ ಊರಿನ ಟೈಲರ್‌ಗಳು ತಲೆ ಎತ್ತುವುದಿಲ್ಲ. ಈ ಸಲ ಅಜ್ಜನೇ ಟೈಲರ್.

ಹಳದಿ ಸ್ಯಾಟಿನ್ ತಂದೆ. ನೋಡಲು ಚಂದ, ಹೊಲಿಯಲು ಮಹಾ ತುಂಟ. ಎರಡು ಪದರ ಇಟ್ಟರೆ ಒಂದು ಜಾರುತ್ತದೆ. 11ನೇ ಸೂಜಿ, ಹತ್ತಿರ ಹತ್ತಿರ ಗುಂಡುಪಿನ್ನು, ಬಟ್ಟೆಯ ಕೆಳಗೆ ತೆಳ್ಳಗಿನ ಕಾಗದ. ಹೊಲಿದಾದ ಮೇಲೆ ಕಾಗದವನ್ನು ಹರಿದು ತೆಗೆದರಾಯಿತು. ಕತ್ತರಿಸಿದ ಅಂಚಿನಿಂದ ಎಳೆ ಬಿಡುವುದಕ್ಕೆ ಕ್ಲಾಸಿನ ಹುಡುಗಿಯೊಬ್ಬಳು ಉಪಾಯ ಹೇಳಿಕೊಟ್ಟಳು: ‘ಅಂಕಲ್, ಊದುಬತ್ತಿ ಹಚ್ಚಿ ಅಂಚಿಗೆ ತಾಗಿಯೂ ತಾಗದ ಹಾಗೆ ಓಡಿಸಿ.’ ಪಾಲಿಯೆಸ್ಟರ್ ಕರಗಿ ಅಂಚು ಅಲ್ಲೇ ಕೂತುಬಿಡುತ್ತದೆ. ಹತ್ತಿ ಬಟ್ಟೆಗೆ ಈ ಆಟ ಬೇಡ, ಸುಟ್ಟೇ ಹೋಗುತ್ತದೆ.

ಎರಡು ವರ್ಷದ ಮಗುವಿಗೆ ಕಚ್ಚೆ ಉಡಿಸಿದರೆ ನಿಲ್ಲುತ್ತದಾ? ಹಾಗಾಗಿ ಒಳಗೆ ಪೈಜಾಮದಂತೆ ಹೊಲಿದು, ಮುಂದೆ ನೆರಿಗೆ ಹಿಡಿದು ಅಲ್ಲೇ ಹೊಲಿಗೆ ಹಾಕಿ, ಸೊಂಟಕ್ಕೆ ಇಲಾಸ್ಟಿಕ್ ಕೊಟ್ಟೆ. ನೆರಿಗೆಯ ಅಂಚಿಗೆ ಹಳೇ ಸೀರೆಯ ಜರಿ. ಸ್ಪರ್ಧೆಯಲ್ಲಿ ಮಗು ವೇದಿಕೆ ಹತ್ತಿದ ಕೂಡಲೇ ಅತ್ತು ಇಳಿದುಬಂತು. ಪಂಚೆ ಮಾತ್ರ ಅಲುಗಲಿಲ್ಲ. ಮಾರನೇ ದಿನ ವಿಟ್ಲಪಿಂಡಿಗೆ ರಥಬೀದಿಗೂ ಅದನ್ನೇ ಹಾಕಿಕೊಂಡು ಬಂದ. ಹುಲಿವೇಷದ ತಾಸೆಯ ಸದ್ದಿಗೆ ಆಗ ಅಳು ಮರೆತೇಹೋಗಿತ್ತು.

ನವರಾತ್ರಿ

ಆರು ಪೀಸಿನ ಒಳಲಂಗ. ಇದಕ್ಕೆ ನಾನು ನಿಜವಾಗಿ ಮನಸೋತೆ. ಹೊಲಿಗೆಯಲ್ಲಿ ಹೆಚ್ಚೇನಿಲ್ಲ, ಎಲ್ಲ ನೇರವೇ. ಮಜಾ ಇರುವುದು ಕತ್ತರಿಸುವುದರಲ್ಲಿ.

ಒಂದೊಂದು ಪೀಸು ಸೊಂಟದ ಕಡೆ 8 ಇಂಚು, ಕೆಳಗೆ 13 ಇಂಚು. ಪಾಪ್ಲಿನ್ ಬಟ್ಟೆಯ ಅಗಲ 36 ಇಂಚು. ಮೂರು ಪೀಸನ್ನೂ ನೆಟ್ಟಗೇ ಇಟ್ಟರೆ ಕೆಳಗೆ 39 ಇಂಚು ಬೇಕು, ಸಾಲುವುದಿಲ್ಲ. ಮಧ್ಯದ್ದನ್ನು ತಲೆಕೆಳಗು ಮಾಡಿ. ಈಗ ಒಂದು ಕಡೆ 13, 8, 13 ಸೇರಿ 34 ಇಂಚು, ಇನ್ನೊಂದು ಕಡೆ 8, 13, 8 ಸೇರಿ 29 ಇಂಚು. ಆರಾಮವಾಗಿ ಕೂತಿತು! ಎರಡು ಮೀಟರ್ ಬಟ್ಟೆಯಲ್ಲಿ ಇಂಥ ಎರಡು ಸಾಲು, ಒಟ್ಟು ಆರು ಪೀಸು. ಬದಿಯಲ್ಲಿ ಉಳಿದ ಉದ್ದ ತುಂಡುಗಳನ್ನು ಜೋಡಿಸಿದರೆ ಲಾಡಿ ಹಾಕುವ ಸೊಂಟದ ಪಟ್ಟಿ. ಕೈಯಲ್ಲಿ ಉಳಿಯುವುದು ಮುಷ್ಟಿಯಷ್ಟು ಚೂರು. ಇದನ್ನು ಮೊದಲು ಯೋಚಿಸಿದವರು ಯಾರೋ, ಅವರಿಗೆ ದೊಡ್ಡ ನಮಸ್ಕಾರ.

ಮನೆಯಲ್ಲಿ ಇವಳಿಗೆ, ಎಂದರೆ ನನ್ನ ಹೆಂಡತಿಗೆ, ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ‘ಹೌದಾ, ಒಳ್ಳೇದಾಯ್ತು. ಊಟದ ಮೇಜು ಯಾವಾಗ ಖಾಲಿ ಮಾಡ್ತೀರಿ?’ ಎಂದಳು.

ಟೀಚರ್ ಹೇಳಿದ ಒಂದು ಮಾತು ಇಲ್ಲಿ ಬರೆದಿಡಬೇಕು. ಓರೆಯಾಗಿ ಕತ್ತರಿಸಿದ ಬದಿ ತನ್ನ ಭಾರಕ್ಕೆ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಲಂಗ ಜೋಡಿಸಿದ ಕೂಡಲೇ ಕೆಳಗಿನ ಅಂಚು ಮಡಚಬಾರದು. ಒಂದು ರಾತ್ರಿ ನೇತುಹಾಕಿ, ಬೆಳಗ್ಗೆ ಇಳಿದದ್ದನ್ನು ಸಮ ಮಾಡಿ ಆಮೇಲೆ ಮಡಚಬೇಕು.

ನನಗೆ ಈಗ ಸ್ಪಷ್ಟವಾಗುತ್ತಿರುವ ವಿಷಯ ಏನೆಂದರೆ, ಹೊಲಿಗೆಯಲ್ಲಿ ಮೆಷಿನ್ ಓಡುವ ಹೊತ್ತು ತೀರಾ ಕಡಿಮೆ. ಬಟ್ಟೆ ನೆನೆಸುವುದು, ಒಣಗಿಸುವುದು, ಇಸ್ತ್ರಿ, ಅಳತೆ, ಕಾಗದ, ಚಾಕ್, ಕತ್ತರಿ, ಪ್ರತಿ ಹೊಲಿಗೆಯ ನಂತರ ಮತ್ತೆ ಇಸ್ತ್ರಿ. ಇಷ್ಟರ ನಡುವೆ ಸ್ವಲ್ಪ ಟಕಟಕ ಸದ್ದು. ಕ್ಲಾಸಿನ ಚಿಕ್ಕವರಿಗೆ ಮೆಷಿನ್ ಮೇಲೆ ಕೂರುವ ಅವಸರ. ಕೆಲವರಿಗೆ ಇದು ಹೊಟ್ಟೆಪಾಡು, ಬೇಗ ಕಲಿತು ಅಂಗಡಿ ಇಡಬೇಕು. ನನಗೆ ಆ ಒತ್ತಡ ಇಲ್ಲ. ಅದು ಪುಣ್ಯ ಎಂದು ನನಗೆ ಗೊತ್ತಿದೆ. ಮಧ್ಯಾಹ್ನವೆಲ್ಲ ಬರೀ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತರೂ ಕೇಳುವವರಿಲ್ಲ.

ದೀಪಾವಳಿ ಕಳೆದ ಮೇಲೆ

ರವಿಕೆಗೆ ಬಂದೆ. ರೆಕಾರ್ಡ್ ಪುಸ್ತಕದಲ್ಲಿ ಕಾಲು ಅಳತೆಯ ಸ್ಕೇಲಿನಲ್ಲಿ ಚಿತ್ರ ಬರೆದು ಟೀಚರ್ ಸಹಿ ಆದ ಮೇಲೆಯೇ ಬಟ್ಟೆ ಮುಟ್ಟಲು ಅನುಮತಿ.

ಆದರೆ ಪುಸ್ತಕಕ್ಕಿಂತ ಹೆಚ್ಚು ಕಲಿತದ್ದು ಇವಳ ಒಂದು ಹಳೇ ರವಿಕೆಯಿಂದ. ಅದನ್ನು ಹೊಲಿದ ಟೈಲರ್ ಅಂಗಡಿ ಮುಚ್ಚಿ ಊರಿಗೆ ಹೋಗಿ ಬಹಳ ಕಾಲವಾಯಿತು. ‘ಅಷ್ಟು ಸರಿಯಾಗಿ ಕೂರುವುದು ಇನ್ನೊಂದಿಲ್ಲ’ ಎಂದು ಇವಳು ಈಗಲೂ ಹೇಳುತ್ತಾಳೆ. ಕಂಕುಳಲ್ಲಿ ಹರಿದಿತ್ತು. ಕೇಳಿ ಪಡೆದು, ಒಂದು ಪಕ್ಕ ಮಾತ್ರ ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಇನ್ನೊಂದು ಪಕ್ಕ ಹಾಗೇ ಇಟ್ಟೆ, ಬಿಚ್ಚಿದ್ದನ್ನು ಹೋಲಿಸಿ ನೋಡಬೇಕಲ್ಲ.

ಬಿಚ್ಚಿ ಇಸ್ತ್ರಿ ಹಾಕಿ ಮೇಜಿನ ಮೇಲೆ ಹರಡಿದರೆ ಎಷ್ಟೊಂದು ಕಾಣುತ್ತದೆ ಮಾರಾಯ್ರೇ! ತೋಳು ಕೂರುವ ಬಾಗು ಹಿಂದೆ ಒಂದು ತರ, ಮುಂದೆ ಇನ್ನೊಂದು ತರ. ಮುಂದಿನದು ಹೆಚ್ಚು ಒಳಗೆ ಹೋಗಿದೆ. ಕೈ ಮುಂದಕ್ಕೆ ಚಾಚುತ್ತೇವೆ ತಾನೇ, ಅಲ್ಲಿ ಬಟ್ಟೆ ಜಾಸ್ತಿ ಇದ್ದರೆ ಮುದುಡುತ್ತದೆ. ಪಕ್ಕದಲ್ಲಿ ಒಂದಿಂಚಿಗಿಂತ ಹೆಚ್ಚು ಬಟ್ಟೆ ಒಳಗೆ ಬಿಟ್ಟು, ಒಂದರ ಪಕ್ಕ ಒಂದು ಹೊಲಿಗೆ ಹಾಕಿದ್ದಾರೆ. ದಪ್ಪ ಆದರೆ ಒಂದನ್ನು ಬಿಚ್ಚಿದರಾಯಿತು. ಕುತ್ತಿಗೆಗೆ ಕ್ರಾಸ್ ಪಟ್ಟಿ. 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಪಟ್ಟಿ ಎಳೆದರೆ ಹಿಗ್ಗುತ್ತದೆ, ಹಾಗಾಗಿ ದುಂಡನೆಯ ಕುತ್ತಿಗೆಯ ಸುತ್ತ ಸುಕ್ಕಿಲ್ಲದೆ ತಿರುಗುತ್ತದೆ. ನೇರ ಪಟ್ಟಿ ಇದಕ್ಕೆ ಬಗ್ಗುವುದೇ ಇಲ್ಲ.

ಟಕ್ಸ್‌ಗಳ, ಎಂದರೆ ಮೈಯ ಆಕಾರಕ್ಕೆ ಮಡಚಿ ಹೊಲಿಯುವ ಮಡಿಕೆಗಳ, ಬಗ್ಗೆ ಒಂದು ಪುಟ ಬರೆಯಬಹುದು. ಬಟ್ಟೆ ಸಪಾಟು, ಮೈ ಸಪಾಟಲ್ಲ. ಸಪಾಟಾದದ್ದರಿಂದ ಒಂದು ತ್ರಿಕೋನವನ್ನು ಮಡಚಿ ಹೊಲಿದರೆ ಅಲ್ಲಿ ಉಬ್ಬು ಬರುತ್ತದೆ. ಎಲ್ಲ ಟಕ್ಸ್‌ಗಳೂ ಒಂದೇ ಬಿಂದುವಿನ ಕಡೆ ಮುಖ ಮಾಡಿವೆ, ಆದರೆ ಯಾವುದೂ ಬಿಂದುವನ್ನು ಮುಟ್ಟುವುದಿಲ್ಲ, ಸ್ವಲ್ಪ ಮೊದಲೇ ನಿಲ್ಲುತ್ತವೆ. ತುದಿಗೆ ಬರುವಾಗ ಹೊಲಿಗೆ ಸಣ್ಣದಾಗುತ್ತಾ ಬಟ್ಟೆಯ ಅಂಚಿನಲ್ಲೇ ಕರಗಿಹೋಗಬೇಕು. ಆ ಟೈಲರ್ ತುದಿಯಲ್ಲಿ ನೂಲನ್ನು ಕೈಯಲ್ಲಿ ಗಂಟು ಹಾಕಿದ್ದರು. ಹಿಂದೆ ಮುಂದೆ ಮೆಷಿನ್ ಓಡಿಸಿದ್ದರೆ ಅಲ್ಲೊಂದು ಗಟ್ಟಿ ಚುಕ್ಕೆ ಹೊರಗೆ ಕಾಣುತ್ತಿತ್ತು. ಒಳಗೆ ಯಾರೂ ನೋಡದ ಜಾಗ ಅದು. ಇಂಥ ಕೆಲಸಕ್ಕೆ ನಾವು ಕೊಡುತ್ತಿದ್ದ ಮಜೂರಿಗೆ ಚೌಕಾಶಿ ಬೇರೆ ಮಾಡುತ್ತಿದ್ದೆವು.

ಮೊದಲ ರವಿಕೆಗೆ ಮ್ಯಾಚಿಂಗ್ ಸೆಂಟರಿನಿಂದ ಟೂ ಬೈ ಟೂ ರೂಬಿಯಾ ತಂದೆ. ಉದ್ದಕ್ಕೂ ಅಡ್ಡಕ್ಕೂ ಎರಡೆಳೆ ಹುರಿದ ನೂಲಿನ ಬಟ್ಟೆ ಎಂದು ಆ ಹೆಸರಿನ ಅರ್ಥ. ಜಾರುವುದಿಲ್ಲ, ಹೊಸಬರ ಕೈಗೆ ಒಳ್ಳೆಯದು. ಲೈನಿಂಗ್ ಬಟ್ಟೆಯನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ಟೆ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ಸುಕ್ಕು ಹಿಡಿಯುತ್ತದೆ.

ಡಿಸೆಂಬರ್

ಟ್ರಯಲ್ ಆಯಿತು. ಬೆನ್ನು, ಭುಜ, ಕುತ್ತಿಗೆ ಸರಿ ಇದೆ. ಎಡ ತೋಳಿನ ಹಿಂದೆ ಒಂದು ಅಡ್ಡ ಸುಕ್ಕು. ಇವಳು ಕನ್ನಡಿಯ ಮುಂದೆ ಕೈ ಎತ್ತಿ, ಇಳಿಸಿ, ಮೇಲಿನ ಕಪಾಟಿನಿಂದ ಡಬ್ಬ ತೆಗೆಯುವ ಹಾಗೆ ಮಾಡಿ ನೋಡಿದಳು. ‘ಆ ಟೈಲರಿನಷ್ಟು ಇಲ್ಲ. ಈಗಿನವರಿಗಿಂತ ಅಡ್ಡಿಯಿಲ್ಲ’ ಎಂದಳು. ಬ್ಯಾಂಕಿನಲ್ಲಿ ಇದ್ದಷ್ಟು ವರ್ಷ ಇಂಥ ಸರ್ಟಿಫಿಕೇಟ್ ಸಿಕ್ಕಿರಲಿಲ್ಲ. ಟೀಚರ್ ಸುಕ್ಕಿನ ಜಾಗಕ್ಕೆ ಪಿನ್ನು ಚುಚ್ಚಿ, ತೋಳನ್ನು ಬಿಚ್ಚಿ ಕಾಲು ಇಂಚು ಹಿಂದಕ್ಕೆ ತಿರುಗಿಸಿ ಕೂರಿಸಿ ಎಂದಿದ್ದಾರೆ. ನಮ್ಮೆಲ್ಲರ ಎಡ ಬಲ ಭುಜ ಒಂದೇ ತರ ಇರುವುದಿಲ್ಲವಂತೆ.

ಕಪಾಟಿನಲ್ಲಿ ಒಂದು ಉಡುಪಿ ಸೀರೆ ಇದೆ, ಕೈಮಗ್ಗದ್ದು. ಜಿಐ ಟ್ಯಾಗ್ ಪಡೆದ ನಮ್ಮೂರ ಸೀರೆ. ಮೈ ತೆಳ್ಳಗೆ, ಅಂಚು ಗಟ್ಟಿ. ಅದರ ರವಿಕೆ ತುಂಡನ್ನು ಇವಳು ಇನ್ನೂ ಕೊಟ್ಟಿಲ್ಲ. ಮೊದಲು ರೂಬಿಯಾದಲ್ಲಿ ಇನ್ನೊಂದು ಆಗಲಿ ಎಂದಿದ್ದಾಳೆ. ನೀಲಿ ಬಟ್ಟೆ ತಂದು ನೆನೆಸಿಟ್ಟಿದ್ದೇನೆ. ಈ ಸಲ ಕಾಜಾ ಕೈಯಲ್ಲೇ ಹಾಕಬೇಕೆಂದು ಆಸೆ, ಅದನ್ನು ಟೀಚರ್ ಸೋಮವಾರ ತೋರಿಸುತ್ತಾರೆ.